ನೂರೆರಡು ನಿಮಿಷದ ಸಿನಿಮಾ, ನಲವತ್ತು ಲಕ್ಷ ವರ್ಷದ ಓಟ

ಒಂದು ಜೀಬ್ರಾವನ್ನು ರೇಸ್ ಕುದುರೆಗಳ ಸಾಲಿನಲ್ಲಿ ನಿಲ್ಲಿಸಿ, ಓಡಿಸಿ, ಗೆಲ್ಲಿಸಿ ತೋರಿಸಲು ಎಷ್ಟು ಖರ್ಚಾದೀತು? 3 ಕೋಟಿ ಡಾಲರ್! 2005ರ ಜನವರಿಯಲ್ಲಿ ತೆರೆಕಂಡ ‘ರೇಸಿಂಗ್ ಸ್ಟ್ರೈಪ್ಸ್’ ಎಂಬ ನಗೆಚಿತ್ರದ ಬಜೆಟ್ ಇದು. ಆಗಿನ ದರದಲ್ಲಿ ಸುಮಾರು 130 ಕೋಟಿ ರೂಪಾಯಿ. ಈ ಮೊತ್ತವನ್ನು ನಮ್ಮ ಗದಗ ಜಿಲ್ಲೆಯ ಮುಶಿಗೇರಿ ಎಂಬ ಊರಿನ ರೈತನ ಲೆಕ್ಕಕ್ಕೆ ಇಳಿಸೋಣ. ಒಂದು ಜೋಡಿ ಎತ್ತಿಗೆ 1 ಲಕ್ಷ ರೂಪಾಯಿ ಎಂದು ಹಿಡಿದರೆ 13,000 ಜೋಡಿ ಬರುತ್ತವೆ. ಜೋಡಿಗೆ 4 ಮೀಟರ್ ಜಾಗ ಕೊಟ್ಟು ರಸ್ತೆಯ ಮೇಲೆ ಒಂದರ ಹಿಂದೊಂದು ನಿಲ್ಲಿಸಿದರೆ ಸಾಲಿನ ಉದ್ದ 52 ಕಿ.ಮೀ. ಗಜೇಂದ್ರಗಡದಲ್ಲಿ ಕೊನೆಯ ಜೋಡಿಯ ಬಾಲ, ಗದಗಿನ ಬಾಗಿಲಲ್ಲಿ ಮೊದಲ ಜೋಡಿಯ ಕೋಡು! ಇನ್ನು ಚಿತ್ರ ಗಳಿಸಿದ್ದೆಷ್ಟು? 9 ಕೋಟಿ 30 ಲಕ್ಷ ಡಾಲರಿಗೂ ಮಿಗಿಲು. ಆ ದುಡ್ಡಿನ ಎತ್ತುಗಳನ್ನು ನಿಲ್ಲಿಸುತ್ತ ಹೋದರೆ ಸಾಲು ಗದಗ ಬಿಟ್ಟು, ಹುಬ್ಬಳ್ಳಿ ಬಿಟ್ಟು, ಧಾರವಾಡವನ್ನೂ ದಾಟಿಬಿಡುತ್ತದೆ.

ಕಥೆ ಅಂಗೈಯಷ್ಟು. ಮಳೆಯ ರಾತ್ರಿ ಸರ್ಕಸ್ಸಿನವರು ಬಿಟ್ಟುಹೋದ ಜೀಬ್ರಾ ಮರಿಯೊಂದು ಅಮೆರಿಕದ ಕೆಂಟಕಿ ರಾಜ್ಯದ ರೈತನ ಮನೆ ಸೇರುತ್ತದೆ. ಪಕ್ಕದಲ್ಲೇ ರೇಸ್ ಕುದುರೆಗಳ ಓಟದ ಹಾದಿ. ಮರಿ ತಾನೂ ರೇಸ್ ಕುದುರೆಯೇ ಎಂದು ನಂಬಿ ಬೆಳೆಯುತ್ತದೆ, ರೈತನ ಮಗಳು ಅದರ ಬೆನ್ನೇರುತ್ತಾಳೆ. ಕಥೆ ನಡೆಯುವುದು ಕೆಂಟಕಿಯಲ್ಲಿ, ಚಿತ್ರೀಕರಣ ನಡೆದದ್ದು ದಕ್ಷಿಣ ಆಫ್ರಿಕದಲ್ಲಿ. ನಡುವೆ 14,000 ಕಿ.ಮೀ.! ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಅಂದ ಮೇಲೆ, ಕಥೆಯ ಊರಿಗೂ ಚಿತ್ರದ ಊರಿಗೂ ಮೂರನೇ ಒಂದು ಭೂಮಿಯಷ್ಟು ಅಂತರ.

ಆ ರೈತನ ಕೊಟ್ಟಿಗೆಯನ್ನು ಒಮ್ಮೆ ನೋಡಿ. ಅಲ್ಲಿ ಒಂದು ಬ್ಲಡ್‌ಹೌಂಡ್ ನಾಯಿ ಇಡೀ ದಿನ ಮಲಗಿಯೇ ಇರುತ್ತದೆ. ಆ ಜಾತಿಯ ನಾಯಿಯ ಮೂಗಿನಲ್ಲಿರುವ ವಾಸನೆಯ ಕೋಶಗಳು ಸುಮಾರು 30 ಕೋಟಿ. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಐದು ಕರ್ನಾಟಕಗಳ ಜನ ಒಂದು ನಾಯಿಯ ಮೂಗಿನಲ್ಲಿ! ಎರಡು ನೊಣಗಳೂ ಇವೆ, ಚಿತ್ರದುದ್ದಕ್ಕೂ ಹರಟುತ್ತವೆ. ನೊಣ ಹಾರುವಾಗ ಸೆಕೆಂಡಿಗೆ ಸುಮಾರು 200 ಸಲ ರೆಕ್ಕೆ ಬಡಿಯುತ್ತದೆ. 102 ನಿಮಿಷದ ಸಿನಿಮಾ ಮುಗಿಯುವವರೆಗೆ ಬಿಡದೆ ಹಾರಿದರೆ 12 ಲಕ್ಷ ಬಡಿತ ದಾಟುತ್ತದೆ. ಒಂದು ಹೆಜ್ಜಾರ್ಲೆಯೂ ಉಂಟು, ಅದರ ಹೆಸರು ಮಾತ್ರ ಗೂಸ್. ನಿಜವಾದ ಹೆಬ್ಬಾತು ನೋಡಬೇಕೆಂದರೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮದೇ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದರೆ ಸಾಕು. ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತಿನ ಜಾತಿ ಹಿಮಾಲಯವನ್ನೇ ದಾಟುವ ಜಾತಿ. 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮೂರು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟು, ನಾಲ್ಕನೆಯದನ್ನು ಮುಕ್ಕಾಲು ಏರಿದರೆ ಆ ಹಕ್ಕಿಯ ಹೊಟ್ಟೆ ಕೈಗೆ ಸಿಕ್ಕೀತು!

ಸಿನಿಮಾದ ಸುರುಳಿಯದೂ ಒಂದು ಸೋಜಿಗ. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ 102 ನಿಮಿಷಕ್ಕೆ 1,46,880 ಚಿತ್ರಗಳು. 35 ಮಿ.ಮೀ. ರೀಲಿನಲ್ಲಿ ಬಿಚ್ಚಿ ಹಾಸಿದರೆ 2.8 ಕಿ.ಮೀ. ಉದ್ದ. ಅಮೆರಿಕದ ಅತಿ ಕಠಿಣ ರೇಸುಗಳಲ್ಲಿ ಒಂದಾದ ಬೆಲ್ಮಾಂಟ್ ಸ್ಟೇಕ್ಸ್‌ನ ವಾಡಿಕೆಯ ದೂರ 2.4 ಕಿ.ಮೀ. ಅಂದರೆ ರೇಸಿಗಿಂತ ರೇಸಿನ ಸಿನಿಮಾವೇ ಉದ್ದ! ಸಿನಿಮಾ ಎಂಬುದಕ್ಕೆ ಮೂಲವೂ ಕುದುರೆಯೇ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು, ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೆ ನೆಲ ಬಿಡುತ್ತವೆ ಎಂದು ತೋರಿಸಿದ. ಆ ಪ್ರಸಿದ್ಧ ಹಾಳೆಯಲ್ಲಿ ಇದ್ದದ್ದು 12 ಚಿತ್ರ. ಹನ್ನೆರಡರಿಂದ ಒಂದೂವರೆ ಲಕ್ಷದ ಹತ್ತಿರಕ್ಕೆ, 127 ವರ್ಷದಲ್ಲಿ.

ಈಗ ವೇಗಕ್ಕೆ ಬರೋಣ. ಜೀಬ್ರಾ ಜೀವ ಹಿಡಿದು ಓಡಿದರೆ ಗಂಟೆಗೆ 64 ಕಿ.ಮೀ. ಸಿಂಹ ಬೆನ್ನಟ್ಟುವ ನಾಡಿನಲ್ಲಿ ಹುಟ್ಟಿದ ಪ್ರಾಣಿಗೆ ಅಷ್ಟು ಬೇಕೇ ಬೇಕು. ಓಟದ ದಾಖಲೆಯ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಮುಗಿಸಿದಾಗ ಅವನ ಕಾಲಿಗೆ ಬಂದ ಗರಿಷ್ಠ ವೇಗ ಗಂಟೆಗೆ ಸುಮಾರು 44 ಕಿ.ಮೀ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶದ ಬಾಯಿಗೆ ಬೆರಳಿಡಿಸಿದರು. ಅದು ಗಂಟೆಗೆ 37 ಕಿ.ಮೀ. ಮೀರಿದ ವೇಗ, ಅದೂ ಕೆಸರಿನಲ್ಲಿ, ಬರಿಗಾಲಿನಲ್ಲಿ! ಆದರೆ 2008ರಲ್ಲಿ ಅಮೆರಿಕದ ವಿನ್ನಿಂಗ್ ಬ್ರೂ ಎಂಬ ಹೆಣ್ಣು ಕುದುರೆ 402 ಮೀಟರನ್ನು 20.57 ಸೆಕೆಂಡಿನಲ್ಲಿ ಮುಗಿಸಿತು. ಗಂಟೆಗೆ 70 ಕಿ.ಮೀ.ಗೂ ಹೆಚ್ಚು. ಆ ವೇಗ ಉಳಿಸಿಕೊಂಡು ಓಡಲು ಸಾಧ್ಯವಿದ್ದಿದ್ದರೆ ರೋಣದಿಂದ ಗಜೇಂದ್ರಗಡ ಅರ್ಧ ಗಂಟೆಯೂ ಹಿಡಿಯದ ಹಾದಿ. ಆಗ ಆ ಕುದುರೆಯ ವಯಸ್ಸೆಷ್ಟು ಗೊತ್ತೆ? ಎರಡೇ ವರ್ಷ! ನಮ್ಮ ಕಡೆ ಆ ವಯಸ್ಸಿನ ಹೋರಿಗೆ ಹಾಲುಹಲ್ಲೂ ಬಿದ್ದಿರುವುದಿಲ್ಲ, ಹೆಗಲ ಮೇಲೆ ನೊಗವಿಡುವ ಮಾತೇ ಇಲ್ಲ.

ಹಾಗೆಂದು ನಮ್ಮ ಎತ್ತುಗಳ ಓಟ ಸಣ್ಣದೇನಲ್ಲ. ಕಾರ ಹುಣ್ಣಿಮೆಯ ಸಂಜೆ ಅಗಸಿಯ ಮುಂದೆ ಕರಿ ಹರಿಯುವ ಹೊತ್ತು ಬಂದಾಗ ಕೋಡಿಗೆ ಬಣ್ಣ, ಹಣೆಗೆ ಕುಚ್ಚು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಝೂಲ ಹೊತ್ತ ಎತ್ತುಗಳು ನುಗ್ಗುತ್ತವೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಪೀಕು ಚಲೋ, ಕೆಂದೆತ್ತು ಮುಂದಾದರೆ ಮುಂಗಾರಿ ಪೀಕು ಚಲೋ ಎನ್ನುತ್ತಾರೆ ಹಿರಿಯರು. ಕೆಲವೇ ಸೆಕೆಂಡಿನ ಓಟದ ಮೇಲೆ ಊರಿನ ಸಾವಿರಾರು ಎಕರೆಯ ಒಂದಿಡೀ ವರ್ಷದ ನಂಬಿಕೆ! ಎಷ್ಟು ಡಾಲರ್ ಸುರಿದರೂ ಕೆಂಟಕಿಯ ಯಾವ ರೇಸಿಗೂ ಇಷ್ಟು ದೊಡ್ಡ ಪಣ ಇಲ್ಲ ಎಂದೇ ನನ್ನ ಅಭಿಪ್ರಾಯ.

ಓಡುವ ಕುದುರೆಯ ಮೈಯೊಳಗಿನ ಅಂಕಿಗಳು ಇನ್ನೂ ಬೆರಗು. ನಿಂತಾಗ ಅದರ ಎದೆ ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತದೆ, ನಮ್ಮದರ ಅರ್ಧ. ನಾಗಾಲೋಟಕ್ಕೆ ಬಿದ್ದರೆ 220 ದಾಟುತ್ತದೆ! ಆ ಭರದಲ್ಲಿ ಹೃದಯ ನಿಮಿಷಕ್ಕೆ ನೂಕುವ ರಕ್ತ ಸುಮಾರು 240 ಲೀಟರ್. 15 ಲೀಟರಿನ ಕೊಡದಲ್ಲಿ ಎಣಿಸಿದರೆ ನಿಮಿಷಕ್ಕೆ 16 ಕೊಡ. ಮನೆಯ ಮೇಲಿನ 1,000 ಲೀಟರಿನ ಸಿಂಟೆಕ್ಸ್ ನಾಲ್ಕು ನಿಮಿಷಕ್ಕೆ ತುಂಬುತ್ತ ಬಂದು, ಐದನೆಯ ನಿಮಿಷ ತುಳುಕತೊಡಗುತ್ತದೆ. ಮೈಯಲ್ಲಿ ಇರುವ ರಕ್ತವೆಲ್ಲ ಸೇರಿ 50 ಲೀಟರಿನ ಆಸುಪಾಸು. ಅಷ್ಟೇ ರಕ್ತ ನಿಮಿಷಕ್ಕೆ ಹತ್ತಿರ ಹತ್ತಿರ ಐದು ಸಲ ಇಡೀ ದೇಹ ಸುತ್ತಿ ಬರಬೇಕು. ಒಂದೊಂದು ಜಿಗಿತಕ್ಕೆ 6ರಿಂದ 7 ಮೀಟರ್ ನೆಲ ಹಿಂದೆ ಸರಿಯುತ್ತದೆ, ಸೆಕೆಂಡಿಗೆ ಅಂಥ ಎರಡಕ್ಕೂ ಹೆಚ್ಚು ಜಿಗಿತ. ಪ್ರತಿ ಜಿಗಿತಕ್ಕೆ ಒಂದೇ ಉಸಿರು, ಹೆಚ್ಚಿಲ್ಲ, ಕಡಿಮೆಯಿಲ್ಲ. ನೆಲಕ್ಕೆ ಅಪ್ಪಳಿಸುವ ಒಂದೇ ಒಂದು ಗೊರಸಿನ ಮೇಲೆ ಆ ಕ್ಷಣ ಬೀಳುವ ಭಾರ ಮೈತೂಕದ ಎರಡೂವರೆ ಪಟ್ಟು, ಅಂದರೆ 1,250 ಕಿಲೋ. ಎರಡು ಮಾರುತಿ 800 ಕಾರುಗಳನ್ನು ಅಂಗೈ ಅಗಲದ ಗೊರಸಿನ ಮೇಲೆ ಇಟ್ಟ ಹಾಗೆ!

ಇಂಥ ದೇಹಗಳಲ್ಲೂ ಒಂದು ದೇಹ ಲೆಕ್ಕವನ್ನೇ ಮುರಿಯಿತು. ಹೆಸರು ಸೆಕ್ರೆಟೇರಿಯಟ್, ವರ್ಷ 1973. ಕೆಂಟಕಿ ಡರ್ಬಿಯ 2 ಕಿ.ಮೀ.ಯನ್ನು ಐದು ಪಾಲು ಮಾಡಿದರೆ ಅದು ಓಡಿದ ಸಮಯ 25.2, 24, 23.8, 23.4, 23 ಸೆಕೆಂಡ್. ಪ್ರತಿ ಪಾಲೂ ಹಿಂದಿನದಕ್ಕಿಂತ ಚುರುಕು! ಉಳಿದ ಕುದುರೆಗಳಿಗೆ ದಣಿವು ಏರುತ್ತಿದ್ದ ಹೊತ್ತಿಗೆ ಇದಕ್ಕೆ ವೇಗ ಏರುತ್ತಿತ್ತು. ಕೊನೆಯ ಪಾಲಿನಲ್ಲಿ ಗಂಟೆಗೆ 63 ಕಿ.ಮೀ., ಜೀಬ್ರಾದ ಜೀವಭಯದ ವೇಗಕ್ಕೆ ಒಂದೇ ಕಿ.ಮೀ. ಕಡಿಮೆ, ಅದೂ ಬೆನ್ನ ಮೇಲೆ ಆಳನ್ನು ಹೊತ್ತು, ಆಗಲೇ 1,600 ಮೀಟರ್ ಓಡಿ ಮುಗಿಸಿದ ಮೇಲೆ. ಐದು ವಾರದ ನಂತರ ಬೆಲ್ಮಾಂಟಿನಲ್ಲಿ 2,414 ಮೀಟರಿಗೆ 2 ನಿಮಿಷ 24 ಸೆಕೆಂಡ್. ಎರಡನೆಯ ಕುದುರೆ 31 ಮೈಯುದ್ದ ಹಿಂದೆ, ಮೀಟರಿನಲ್ಲಿ ಹೇಳಿದರೆ ಸುಮಾರು 75. ಗುರಿಗೆರೆ ಮುಟ್ಟಿದ ಕುದುರೆಯನ್ನೂ ಎರಡನೆಯದನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಕ್ಯಾಮೆರಾದವರು ಪರದಾಡಬೇಕು! ಎರಡೂ ದಾಖಲೆಗಳಿಗೆ 50 ವರ್ಷ ಕಳೆದವು, ಒಂದನ್ನೂ ಯಾರೂ ಮುಟ್ಟಿಲ್ಲ. ಅಂದು ಗೆದ್ದ ಟಿಕೆಟ್ ಕೈಯಲ್ಲಿದ್ದೂ 5,617 ಟಿಕೆಟ್‌ಗಳ ದುಡ್ಡನ್ನು ಜನ ಪಡೆಯಲೇ ಇಲ್ಲ, ಟಿಕೆಟನ್ನೇ ನೆನಪಿಗೆ ಇಟ್ಟುಕೊಂಡರು. ಕುದುರೆ ಸತ್ತ ಮೇಲೆ ಪರೀಕ್ಷಿಸಿದ ಪಶುವೈದ್ಯರ ಅಂದಾಜಿನಂತೆ ಅದರ ಹೃದಯ 10 ಕಿಲೋ. ಸಾಮಾನ್ಯ ಕುದುರೆಯದು 4 ಕಿಲೋ!

ಹಣದ ಕಥೆ ಕೇಳಿದರೆ ನಗು ತಡೆಯದು. 2006ರಲ್ಲಿ ದಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಕುದುರೆ ಹರಾಜಿನಲ್ಲಿ 1 ಕೋಟಿ 60 ಲಕ್ಷ ಡಾಲರಿಗೆ ಹೋಯಿತು. ಒಟ್ಟು ಓಡಿದ್ದು 3 ರೇಸ್. ಗೆದ್ದದ್ದು ಸೊನ್ನೆ. ಗಳಿಸಿದ್ದು 10,440 ಡಾಲರ್. ಕೊಟ್ಟ ಬೆಲೆ ಹುಟ್ಟಬೇಕಾದರೆ ಅದು ಅಂಥ ಬದುಕನ್ನು 1,533 ಸಲ ಬದುಕಬೇಕಿತ್ತು! ಇತ್ತ ಜಿಪ್ಪಿ ಚಿಪ್ಪಿ ಎಂಬ ಬಡಪಾಯಿ ಕುದುರೆ 100 ರೇಸ್ ಓಡಿತು, ನೂರಕ್ಕೆ ನೂರೂ ಸೋತಿತು. ಆದರೂ ಎರಡನೆಯ, ಮೂರನೆಯ ಸ್ಥಾನಗಳ ಚಿಲ್ಲರೆ ಕೂಡಿಸಿ 30,834 ಡಾಲರ್ ಗಳಿಸಿತು, ಕೋಟಿಯ ಕುದುರೆಯ ಹತ್ತಿರ ಹತ್ತಿರ ಮೂರು ಪಟ್ಟು. ಹಂಗೇರಿಯ ಕಿಂಚೆಮ್ ಎಂಬ ಹೆಣ್ಣು ಕುದುರೆಯದು ಇದರ ಪೂರಾ ತಿರುವು ಮುರುವು. 54 ಓಟ, 54 ಗೆಲುವು. ಸಂತಾನದ ಸಂಖ್ಯೆಯಲ್ಲಿ ಇವೆಲ್ಲವನ್ನೂ ಮೀರಿಸಿದ್ದು 1764ರ ಸೂರ್ಯಗ್ರಹಣದ ದಿನ ಇಂಗ್ಲೆಂಡಿನಲ್ಲಿ ಹುಟ್ಟಿ, ಗ್ರಹಣದ್ದೇ ಹೆಸರು ಹೊತ್ತ ಎಕ್ಲಿಪ್ಸ್. ಅದು 18 ರೇಸ್ ಓಡಿ 18 ಗೆದ್ದದ್ದು ಇರಲಿ. ಇಂದು ಜಗತ್ತಿನಲ್ಲಿ ಓಡುವ ನೂರು ಥರೋಬ್ರೆಡ್ ಕುದುರೆಗಳಲ್ಲಿ ಸುಮಾರು 95ರ ಗಂಡು ವಂಶ ಹಿಡಿದು ಹಿಂದೆ ಹೋದರೆ ಸಿಗುವುದು ಆ ಒಂದೇ ಕುದುರೆ! 1891ರಲ್ಲಿ ಶುರುವಾದ ಮೈಸೂರು ರೇಸ್ ಕ್ಲಬ್ಬಿನಲ್ಲಿ, ಬೆಂಗಳೂರಿನ ಟರ್ಫ್ ಕ್ಲಬ್ಬಿನಲ್ಲಿ ಇಂದು ಬೆವರು ಹರಿಸುವ ಕುದುರೆಗಳಲ್ಲೂ ಬಹುಪಾಲು ಅದರ ಮರಿ ಮೊಮ್ಮಕ್ಕಳೇ.

ಇವೆಲ್ಲ ಒಂದೊಂದು ಕುದುರೆಯ ಮಾತಾಯಿತು. ಈಗ ಹಿಂಡಿನ ಲೆಕ್ಕ ಕೇಳಿ, ಇದು ನಮ್ಮ ನೆಲದ್ದು. ವಿಜಯನಗರದಲ್ಲಿ 1535ರ ಹೊತ್ತಿಗೆ ಮೂರು ವರ್ಷ ಇದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವ್ ನೂನಿಜ್ ಬರೆದಿಟ್ಟ ಪ್ರಕಾರ, ಅಲ್ಲಿನ ರಾಯರು ವರ್ಷಕ್ಕೆ ಕೊಳ್ಳುತ್ತಿದ್ದ ಕುದುರೆಗಳು ಹೊರ್ಮುಜಿನವೂ ದೇಶಿಯವೂ ಸೇರಿ 13,000. ದಿನಕ್ಕೆ 35! ಹಗಲು ರಾತ್ರಿ ಎನ್ನದೆ 40 ನಿಮಿಷಕ್ಕೊಂದು ಹೊಸ ಕುದುರೆ ಹಂಪಿಯ ಲಾಯಕ್ಕೆ ಕಾಲಿಡುತ್ತಲೇ ಇರಬೇಕು. ಹೊರ್ಮುಜಿನಿಂದ ಗೋವೆಗೆ ಸಮುದ್ರದ ಮೇಲೆ 2,000 ಕಿ.ಮೀ. ಮೀರಿದ ದಾರಿ, ಅಲ್ಲಿಂದ ಘಟ್ಟ ಹತ್ತಿ ಬಯಲುಸೀಮೆಗೆ. ಹಡಗಿನಲ್ಲೇ ಸಾಯುತ್ತಿದ್ದವು ಎಷ್ಟೋ. ಅದಕ್ಕೂ ಮೊದಲಿನ ಸಾಳುವ ನರಸಿಂಹನ ಬಗ್ಗೆ ನೂನಿಜ್ ಹೇಳುವುದನ್ನು ಕೇಳಿದರೆ ಹುಬ್ಬು ಹಣೆಗೇರುತ್ತದೆ. ಮೂರು ಕುದುರೆಗೆ ಸಾವಿರ ಪರ್ದಾವ್ ಚಿನ್ನದ ನಾಣ್ಯ, ಜೀವಂತ ಇದ್ದರೂ ಸರಿ, ಸತ್ತಿದ್ದರೂ ಸರಿ. ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಪೂರಾ ಹಣ! ಒಂದು ಬಾಲಕ್ಕೆ 333 ಹೊನ್ನು.

ಬೆಲೆ ಅಷ್ಟು ಬೇಡ, ನೂನಿಜನೇ ಹೇಳುವ ದೇಶಿ ಕುದುರೆಯ ಅಗ್ಗದ ದರ ಹಿಡಿಯೋಣ, ಐದಕ್ಕೆ ಸಾವಿರ. ಆ ದರದಲ್ಲೂ 13,000 ಕುದುರೆಗೆ 26 ಲಕ್ಷ ನಾಣ್ಯ. ನಾಣ್ಯಕ್ಕೆ 3.4 ಗ್ರಾಂ ತೂಕದಂತೆ ಹತ್ತಿರ ಹತ್ತಿರ 9 ಟನ್ ಬಂಗಾರ. ದೊಡ್ಡಾನೆಯೊಂದರ ತೂಕ 4 ಟನ್ ಎನ್ನಿ, ವರ್ಷಕ್ಕೆ ಎರಡು ಬಂಗಾರದ ಆನೆ ಕುದುರೆಯ ಬಾಯಿಗೆ ಹೋದವು!

ಅಂಥ ಕುದುರೆಗಳು ಒಟ್ಟಿಗೆ ಹೊರಟದ್ದು ನೂನಿಜ್ ಬರುವ ಮೊದಲೇ, 1520ರ ರಾಯಚೂರು ಯುದ್ಧಕ್ಕೆ. ಕೃಷ್ಣದೇವರಾಯನ ದಂಡಿನ ಲೆಕ್ಕ ನೂನಿಜನ ಬರಹದಲ್ಲಿ ಹೀಗಿದೆ: ಕಾಲಾಳು 7,03,000, ಕುದುರೆ 32,600, ಆನೆ 551. ಕುದುರೆಗಳನ್ನು ಮಾತ್ರ ತೆಗೆದುಕೊಂಡು, ಒಂದಕ್ಕೆ 3 ಮೀಟರಿನಂತೆ ಒಂದರ ಹಿಂದೊಂದು ನಿಲ್ಲಿಸಿ ನೋಡಿ. 98 ಕಿ.ಮೀ.! ಮೊದಲ ಕುದುರೆ ಹೊಸಪೇಟೆಯ ಹತ್ತಿರ ಹೋಗಿ ನಿಂತರೆ ಕೊನೆಯದು ಕುಷ್ಟಗಿಯ ಈಚೆ, ಗಜೇಂದ್ರಗಡದಲ್ಲೇ ಬಾಲ ಅಲ್ಲಾಡಿಸುತ್ತಿರುತ್ತದೆ. ಸೆಕ್ರೆಟೇರಿಯಟ್ ಬೆಲ್ಮಾಂಟಿನ ವೇಗದಲ್ಲಿ ಎಲ್ಲೂ ನಿಲ್ಲದೆ ಓಡಿದರೂ ಈ ಸಾಲಿನ ತುದಿಯಿಂದ ತುದಿ ಮುಟ್ಟಲು ಒಂದೂವರೆ ಗಂಟೆ ಸಾಲದು. ಕುದುರೆಗೆ ದಿನಕ್ಕೆ 10 ಕಿಲೋ ಮೇವು ಎಂದರೆ ಒಂದು ದಿನದ ಹುಲ್ಲು 326 ಟನ್. 30 ಲೀಟರ್ ನೀರೆಂದರೆ ಸುಮಾರು 9 ಲಕ್ಷ 80 ಸಾವಿರ ಲೀಟರ್, 5,000 ಲೀಟರಿನ ಟ್ಯಾಂಕರುಗಳಾದರೆ 196, ಅದೂ ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ, ದಿನಾ! ಆನೆಗಳದ್ದು ಬೇರೆ, ಏಳು ಲಕ್ಷ ಆಳುಗಳದ್ದು ಬೇರೆ. ದಾರಿಯುದ್ದಕ್ಕೂ ತೊಗಲಿನ ಚೀಲದಲ್ಲಿ ನೀರು ಹೊತ್ತು ಕೊಡುವವರೇ ಹತ್ತು ಹನ್ನೆರಡು ಸಾವಿರ ಮಂದಿ ಇದ್ದರು ಎನ್ನುತ್ತಾನೆ ನೂನಿಜ್. ನೀರು ಹೊರುವವರದೇ ಒಂದು ದಂಡು!

ಎತ್ತುಗಳೂ ಹಿಂದೆ ಬೀಳಲಿಲ್ಲ. ಹೈದರಾಲಿ ಅಮೃತಮಹಲ್ ಎತ್ತುಗಳ ಬಲದಿಂದ ಚಿದಂಬರಕ್ಕೆ ಎರಡೂವರೆ ದಿನದಲ್ಲಿ 100 ಮೈಲಿ ದಂಡು ನಡೆಸಿದ ಎಂದು ಹಳೆಯ ಗೆಜೆಟಿಯರುಗಳು ಕೊಂಡಾಡುತ್ತವೆ. 160 ಕಿ.ಮೀ.ಯನ್ನು ಎರಡೂವರೆಯಿಂದ ಭಾಗಿಸಿ. ದಿನಕ್ಕೆ 64! ಜೀಬ್ರಾದ ಒಂದು ಗಂಟೆಯ ವೇಗವೂ 64, ಫಿರಂಗಿ ಎಳೆದ ಎತ್ತಿನ ಒಂದು ದಿನದ ದೂರವೂ 64. ಹೈದರಾಲಿಯ ಮಗ ಟಿಪ್ಪುವಿಗೂ ಮರಾಠರಿಗೂ ನಡೆದ ಯುದ್ಧ 1787ರಲ್ಲಿ ಮುಗಿದದ್ದು ಬೇರೆಲ್ಲೂ ಅಲ್ಲ, ಮುಶಿಗೇರಿಯ ಪಕ್ಕದ ಗಜೇಂದ್ರಗಡದ ಒಪ್ಪಂದದಲ್ಲಿ. ಟಿಪ್ಪು ಕೊಡಲು ಒಪ್ಪಿದ ಮೊತ್ತ 48 ಲಕ್ಷ ರೂಪಾಯಿ. ಬೆಳ್ಳಿ ರೂಪಾಯಿಗೆ 11 ಗ್ರಾಂ ಎಂದರೆ 52 ಟನ್ ದಾಟಿತು. ಆನೆಯ ಹೆಸರು ಹೊತ್ತ ಗುಡ್ಡದ ಊರಿನಲ್ಲಿ ಆನೆಯಲ್ಲೇ ತೂಗೋಣ, 13 ಬೆಳ್ಳಿಯ ಆನೆ!

64 ಇನ್ನೂ ಒಂದು ಕಡೆ ಕಾಯುತ್ತಿದೆ. ಕುದುರೆಯ ಜೀವಕೋಶದಲ್ಲಿರುವ ವರ್ಣತಂತುಗಳ ಸಂಖ್ಯೆ 64. ಬಯಲು ಜೀಬ್ರಾದ್ದು 44, ಬೆಟ್ಟದ ಜೀಬ್ರಾದ್ದು 32, ಕುದುರೆಯ ಸರಿ ಅರ್ಧ. ಸಿನಿಮಾದಲ್ಲಿ ಒಂದೇ ಗೆರೆಯ ಮೇಲೆ ನಿಲ್ಲುವ ಈ ಎರಡು ಪ್ರಾಣಿಗಳ ವಂಶ ಬೇರೆಯಾಗಿ ವಿಜ್ಞಾನಿಗಳ ಲೆಕ್ಕದಲ್ಲಿ ಸುಮಾರು 40 ಲಕ್ಷ ವರ್ಷ. ರಾಯಚೂರು ಯುದ್ಧಕ್ಕೆ ಐನೂರು ವರ್ಷ ಆಯಿತು ಅಂದರೆ ತಲೆ ತೂಗುತ್ತೇವಲ್ಲ, ಅಂಥ ಐನೂರುಗಳು ಎಂಟು ಸಾವಿರ!

ಆ 40 ಲಕ್ಷ ವರ್ಷವನ್ನು ಇದೇ 102 ನಿಮಿಷದ ಸಿನಿಮಾಕ್ಕೆ ತುರುಕಿ ನೋಡಿ. ಒಂದು ನಿಮಿಷಕ್ಕೆ 39,000 ವರ್ಷ ಉರುಳುತ್ತವೆ, ಒಂದು ಸೆಕೆಂಡಿಗೆ 650. ಜೀಬ್ರಾ ಮತ್ತು ಕುದುರೆಯ ದಾರಿ ಕವಲೊಡೆಯುವುದು ಮೊದಲ ದೃಶ್ಯದಲ್ಲಿ. ಮುಂದೆ ಮಧ್ಯಂತರ ಬಂದು ಹೋದರೂ ಮನುಷ್ಯನ ಕೈಗೆ ಲಗಾಮಿಲ್ಲ. ಇಂದಿನ ಸಾಕು ಕುದುರೆಯ ತಳಿ ಪಳಗುವುದು ಚಿತ್ರ ಮುಗಿಯಲು ಆರೂವರೆ ಸೆಕೆಂಡ್ ಇರುವಾಗ. ಹಂಪಿಯ ಲಾಯ, ನೂನಿಜ್, ಬಾಲಕ್ಕೆ ಕೊಟ್ಟ ಹೊನ್ನು ಎಲ್ಲ ಕೊನೆಯ ಒಂದು ಸೆಕೆಂಡಿನೊಳಗೆ. ಥರೋಬ್ರೆಡ್ ಎಂಬ ರೇಸ್ ಕುದುರೆಯ ಮುನ್ನೂರು ವರ್ಷಕ್ಕೆ ಅರ್ಧ ಸೆಕೆಂಡೂ ಇಲ್ಲ.

ಅದಕ್ಕೂ ಹಿಂದೆ ಹೋಗುವವರಿಗೆ ಇನ್ನೂ ಒಂದು ಅಂಕಿ. ಕುದುರೆ ಕುಲದ ಮೊದಲ ಪ್ರಾಣಿ ನಾಯಿಯಷ್ಟೇ ದೊಡ್ಡದಿತ್ತು, ಮುಂಗಾಲಿಗೆ ನಾಲ್ಕು ಬೆರಳಿದ್ದವು, ಕಾಲ ಐದೂವರೆ ಕೋಟಿ ವರ್ಷದ ಹಿಂದೆ. ಅಲ್ಲಿಂದ ಇದೇ ವೇಗದಲ್ಲಿ ಸಿನಿಮಾ ಓಡಿಸಿದರೆ 1,402 ನಿಮಿಷ ಬೇಕು. ಮುಶಿಗೇರಿಯಲ್ಲಿ ಬೆಳಿಗ್ಗೆ 6 ಗಂಟೆಗೆ ಪ್ರದರ್ಶನ ಶುರು ಮಾಡಿ, ಊಟ ಮಾಡಿ, ಹೊಲಕ್ಕೆ ಹೋಗಿ ಬಂದು, ರಾತ್ರಿ ಮಲಗಿ ಎದ್ದರೂ ಅದು ನಡೆಯುತ್ತಲೇ ಇರುತ್ತದೆ. ಜೀಬ್ರಾದ ದಾರಿ ಬೇರೆಯಾಗುವುದು ಮರುದಿನ ನಸುಕಿನ 3 ಗಂಟೆ 40 ನಿಮಿಷಕ್ಕೆ. ರೇಸ್ ಕುದುರೆ ತೆರೆಗೆ ಬರುವುದು 5 ಗಂಟೆ 22 ನಿಮಿಷಕ್ಕೆ, ಕಣ್ಣು ಮಿಟುಕಿಸಿದರೆ ಅದೂ ತಪ್ಪಿಹೋಯಿತು!